ಸಂಸಾರವೆಂಬ ಮಾತು

ಪದವೊಂದು ಎರಡು ಭಾಷೆಗಳಲ್ಲಿ ಒಂದೇ ರೂಪದಿಂದ ನಿಂತಿದ್ದರೆ ಎರಡರಲ್ಲಿಯೂ ಅದರ ಅರ್ಥ ಒಂದೇ ಆಗಿರುತ್ತದೆಂಬ ನಂಬಿಕೆ ವಿದ್ವಾಂಸರಲ್ಲಿಯೂ ಇದೆ. ಸಂಸ್ಕೃತದಿಂದ ಬಂದ ಪದಗಳ ವಿಷಯದಲ್ಲಂತೂ ಈ ನಂಬಿಕೆ ಇನ್ನಷ್ಟು ಗಟ್ಟಿ. ಕನ್ನಡವೂ ಮಲಯಾಳವೂ ಸಂಸ್ಕೃತದಿಂದ ಹೇರಳವಾಗಿ ಸಾಲ ಪಡೆದಿರುವುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಸುಲಭವೆಂಬ ಅಭಿಪ್ರಾಯವೂ ಬಳಕೆಯಲ್ಲಿದೆ. 'ಸಂಸಾರ' ಎಂಬ ಒಂದು ಪದವನ್ನು ಪರೀಕ್ಷಿಸಿದರೂ ಸಾಕು, ಈ ಅಭಿಪ್ರಾಯ ನಿಲ್ಲುವುದಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡಿಗ ಉಚ್ಚ ನ್ಯಾಯಾಲಯದ ಕೆಲಸಕ್ಕೆ ಕೊಚ್ಚಿಗೆ, ಸಚಿವಾಲಯದ ಕೆಲಸಕ್ಕೆ ತಿರುವನಂತಪುರಕ್ಕೆ ಹೋಗಬೇಕಾಯಿತು. ಈ ಎರಡು ನಗರಗಳಲ್ಲಿ ಅವನ ಕಿವಿಗೆ ಪದೇ ಪದೇ ಬೀಳುವ ಪದ 'ಸಂಸಾರಂ'. ಅಲ್ಲಿ ಅದಕ್ಕೆ ಮಾತು, ಸಂಭಾಷಣೆ ಎಂದು ಅರ್ಥ. 'ಸಂಸಾರಿಕ್ಕುಕ' ಎಂದರೆ ಮಾತನಾಡುವುದು; 'ಸಂಸಾರಿಕ್ಕರುದ್' ಎಂದರೆ ಮಾತನಾಡಬಾರದು. ಆದರೆ ಕನ್ನಡದ ಕಿವಿಗೆ ಈ ಪದದಿಂದ ಹೊಳೆಯುವುದು ಮನೆ, ಮಡದಿ, ಮಕ್ಕಳು ಮತ್ತು ಅವರನ್ನು ಸಾಕುವ ಹೊಣೆ.

'ಸೃ' ಧಾತುವಿಗೆ 'ಸಂ' ಉಪಸರ್ಗ ಸೇರಿ ಹುಟ್ಟಿದ ಈ ಪದದ ಮೂಲದಲ್ಲಿರುವುದು ಹರಿಯುವಿಕೆ, ಸಂಚಾರ. ಜೈನ ಕವಿಗಳಿಗೆ ಅದು ಜನ್ಮದಿಂದ ಜನ್ಮಕ್ಕೆ ಸುತ್ತುವ ಚಕ್ರ. ಶರಣರಿಗೂ ದಾಸರಿಗೂ ಅದು ದಾಟಬೇಕಾದ ಬಂಧನ. ಜನಸಾಮಾನ್ಯರ ಬಾಯಲ್ಲಿ ಅದೇ ಪದ ಇಳಿದು ಮನೆವಾರ್ತೆಯಾಯಿತು. ಸಂಸಾರ ಹೂಡುವುದು, ತೂಗಿಸುವುದು, ಸಂಸಾರವಂದಿಗನಾಗುವುದು ಇವೆಲ್ಲ ಕನ್ನಡದ ಸ್ವಂತ ಬೆಳೆ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬ ಗಾದೆಯಂತೂ ಸಂಸಾರವನ್ನು ಹೊರಗೆ ಆಡಬಾರದ ವಿಷಯವನ್ನಾಗಿಸಿದೆ. ಮಲಯಾಳದಲ್ಲಿಯೂ ಭವಸಾಗರದ ಅರ್ಥ ಗ್ರಂಥಗಳಲ್ಲಿ ಉಳಿದಿದೆ. ಆದರೆ ದಿನಬಳಕೆಯಲ್ಲಿ ಸಂಸಾರವೆಂದರೆ ಬಾಯಿಬಿಟ್ಟು ಆಡುವುದೇ. ಒಂದು ಭಾಷೆ ಯಾವುದನ್ನು ಗುಟ್ಟೆಂದಿತೋ ಇನ್ನೊಂದು ಭಾಷೆ ಅದೇ ಹೆಸರಿನಿಂದ ಆಡುವ ಮಾತನ್ನೇ ಕರೆದಿದೆ.

ಇದು ಒಂಟಿ ಪದದ ಕಥೆಯಲ್ಲ. 'ವರ್ತಮಾನ' ಕನ್ನಡದಲ್ಲಿ ಈಗಿನ ಕಾಲ, ಇಲ್ಲವೇ ಸುದ್ದಿ. ಮಲಯಾಳದಲ್ಲಿ 'ವರ್ತಮಾನಂ ಪರಯುಕ' ಎಂದರೆ ಕುಳಿತು ಹರಟುವುದು. ಆಡುಮಾತಿನಲ್ಲಿ ಅದು 'ವರ್ತಾನಂ' ಎಂದು ಸವೆದಿದೆ. ಕನ್ನಡದ 'ಉಪನ್ಯಾಸ' ವೇದಿಕೆಯ ಮೇಲಿನ ಭಾಷಣ. ಮಲಯಾಳದ 'ಉಪನ್ಯಾಸಂ' ಕಾಗದದ ಮೇಲಿನ ಪ್ರಬಂಧ. ಕುಂಬಳೆ ಸೀಮೆಯ ಯಕ್ಷಗಾನಪ್ರಿಯನಿಗೆ 'ಪ್ರಸಂಗ'ವೆಂದರೆ ರಾತ್ರಿಯಿಡೀ ಆಡುವ ಕಥೆ. ತಿರುವನಂತಪುರದ ಶ್ರೋತೃವಿಗೆ 'ಪ್ರಸಂಗಂ' ಎಂದರೆ ಭಾಷಣ. ಕುತೂಹಲದ ವಿಷಯವೆಂದರೆ, ಆ ಅರ್ಥ ಕನ್ನಡದಿಂದ ಪೂರ್ತಿ ಮರೆಯಾಗಿಲ್ಲ. ಅಳತೆಮೀರಿ ಮಾತನಾಡುವವನನ್ನು ಕನ್ನಡಿಗರು 'ಅಧಿಕಪ್ರಸಂಗಿ' ಎನ್ನುವಾಗ ನೆರೆಯವರ ಅರ್ಥವೇ ತಮ್ಮ ಮನೆಯ ಮೂಲೆಯಲ್ಲಿ ಎಚ್ಚರವಾಗಿರುತ್ತದೆ.

ದೇಶ್ಯ ಪದಗಳಲ್ಲಿಯೂ ಇಂಥ ಹರಿದಾಟ ಉಂಟು. ಕನ್ನಡದ 'ಮಾತು', ತೆಲುಗಿನ 'ಮಾಟ', ತಮಿಳಿನ 'ಮಾಱ್ಱಂ' ಒಂದೇ ಬಳಗಕ್ಕೆ ಸೇರಿದವು. ಹಳೆಯ ತಮಿಳಿನಲ್ಲಿ ಮಾತು, ಮರುಮಾತು ಎಂಬ ಅರ್ಥವಿದ್ದ ಪದ ಇಂದು ಬದಲಾವಣೆಯನ್ನು ಸೂಚಿಸುತ್ತದೆ. ಕನ್ನಡದಲ್ಲಿ 'ಮಾತು' ಬಹುವಾಗಿ ಹರಡಿಕೊಂಡಿತು. ಮಾತು ಕೊಟ್ಟರೆ ವಚನ. ಮಾತು ಕೇಳಿದರೆ ವಿಧೇಯತೆ. ಮಾತು ಬಿಟ್ಟರೆ ನಂಟಿನ ಮುರಿವು. ಮಾತು ಬಂದರೆ ಆಕ್ಷೇಪಣೆ. ಮಾತುಕತೆಗೆ ಕುಳಿತರೆ ಮದುವೆ ಇಲ್ಲವೇ ಸಂಧಾನ. ಮಲಯಾಳ ಈ ಹೊರೆಯನ್ನು ಹಲವು ಪದಗಳಿಗೆ ಹಂಚಿದೆ: ವಚನಕ್ಕೆ 'ವಾಕ್ಕ್', ಹರಟೆಗೆ 'ವರ್ತಮಾನಂ', ಸಾಕ್ಷಿಯ ಹೇಳಿಕೆಗೆ 'ಮೊೞಿ'. ತಮಿಳಿನಲ್ಲಿ ಭಾಷೆಯೆಂಬ ಅರ್ಥದ 'ಮೊೞಿ'ಯೇ ಕೇರಳದ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿದೆ.

ಕೇಶಿರಾಜನು 'ಸಮಸಂಸ್ಕೃತ'ವೆಂಬ ವರ್ಗವನ್ನು ಹೇಳಿದ್ದಾನೆ. ಅಪಭ್ರಂಶ ಪ್ರಕರಣದಲ್ಲಿ ಧ್ವನಿಗಳ ಮಾರ್ಪಾಟನ್ನು ಸೂಕ್ಷ್ಮವಾಗಿ ಪರಿಶೀಲಿಸಿದ್ದಾನೆ. ಎರವಲು ಪದದ ರೂಪ ಏನಾಯಿತೆಂಬುದು ಕನ್ನಡ ವ್ಯಾಕರಣ ಪರಂಪರೆಯ ದೊಡ್ಡ ಪ್ರಶ್ನೆ. ಅರ್ಥ ಏನಾಯಿತೆಂಬ ಪ್ರಶ್ನೆಗೆ ಅಷ್ಟೇ ಆದರ ದೊರೆತಿಲ್ಲ. ರೂಪದಲ್ಲಿ ಸಮವಾಗಿ ಅರ್ಥದಲ್ಲಿ ವಿಷಮವಾದ ಈ ಪದಗಳಿಗೆ ಪಠ್ಯದಲ್ಲಿಯೂ ಪ್ರತ್ಯೇಕ ಸ್ಥಾನ ಬೇಕು.

ಇದು ಪಂಡಿತರ ಕುತೂಹಲಕ್ಕಷ್ಟೇ ಮೀಸಲಾದ ವಿಚಾರವಲ್ಲ. ಕೇರಳದ 1969ರ ರಾಜಭಾಷಾ ಕಾಯ್ದೆ ಅಲ್ಲಿಯ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿತು. ಮಲಯಾಳದಲ್ಲಿ ಅರ್ಜಿಗೆ 'ಅಪೇಕ್ಷ' ಎಂದೂ ಅವಕಾಶಕ್ಕೆ 'ಅವಸರಂ' ಎಂದೂ ಹೆಸರು. 'ನಿಮ್ಮ ಅಪೇಕ್ಷೆ ತಿರಸ್ಕೃತವಾಗಿದೆ' ಎಂದು ಲಿಪಿಯನ್ನಷ್ಟೇ ಬದಲಿಸಿ ಬರೆದರೆ, ಅರ್ಜಿ ಬಿದ್ದುಹೋದ ಸುದ್ದಿ ಆಸೆ ಕೈಗೂಡದ ಸುದ್ದಿಯಾಗುತ್ತದೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಕಾಸರಗೋಡಿನಲ್ಲಿ ಪ್ರತಿಭಟನೆ ಎದ್ದುದಕ್ಕೂ ಇಂಥ ಕಾರಣವಿದೆ. 'ಸಂಸಾರಿಕ್ಕರುದ್' ಎಂಬ ಗದರಿಕೆಯಲ್ಲಿ ತಂದೆತಾಯಿಯರ ಮನೆಯನ್ನು ಕಾಣುವ ಮಗುವಿಗೆ ಸಂಸ್ಕೃತದ ಸಮಾನ ಸಾಲ ಯಾವ ನೆರವನ್ನೂ ನೀಡದು.

ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಎರಡೂ ಮಂಗಳೂರಿನ ಬಾಸೆಲ್ ಮಿಷನ್ನಿನ ಪ್ರಕಟಣೆಗಳು. ಒಂದೇ ಊರಿನಿಂದ ಹೊರಟ ಈ ಎರಡು ಗ್ರಂಥಗಳನ್ನು ಮುಖಾಮುಖಿಯಾಗಿ ಇಟ್ಟು ಓದುವ ಕೆಲಸ ವಿಶ್ವವಿದ್ಯಾನಿಲಯಗಳಿಂದ ನಡೆಯಬೇಕಿತ್ತು. ಆದರೆ ಮಲಯಾಳ, ಕನ್ನಡ, ತಮಿಳು, ತೆಲುಗುಗಳ ಪದಗಳನ್ನು ಸುಮಾರು 25 ವರ್ಷ ಒಬ್ಬರೇ ಕಲೆಹಾಕಿ 2020ರಲ್ಲಿ ಚತುರ್ಭಾಷಾ ನಿಘಂಟನ್ನು ಬೆಳಕಿಗೆ ತಂದವರು ತಲಶ್ಶೇರಿಯ ಞಾಟ್ಯೇಲ ಶ್ರೀಧರನ್. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದವರು. ಅವರ ಸಾಧನೆ ಅಭಿನಂದನೆಗೆ ಎಷ್ಟು ಅರ್ಹವೋ ವಿಭಾಗಗಳ ಆತ್ಮಪರೀಕ್ಷೆಗೂ ಅಷ್ಟೇ ಕಾರಣ. ಒಂದೇ ರೂಪದ ಭಿನ್ನಾರ್ಥಕ ಪದಗಳ ಕನ್ನಡ–ಮಲಯಾಳ ಕೋಶವೊಂದನ್ನು ಗಡಿಭಾಗದ ಶಿಕ್ಷಕರು, ಅನುವಾದಕರು, ಸಂಶೋಧನ ವಿದ್ಯಾರ್ಥಿಗಳು ಕೂಡಿ ಸಿದ್ಧಪಡಿಸುವುದು ಅಸಾಧ್ಯದ ಕೆಲಸವಲ್ಲ. ಅದರ ಮೊದಲ ನಮೂದು 'ಸಂಸಾರ'ವಾಗಲಿ. ನೆರೆಯವರ ಮಾತು ಅರ್ಥವಾಗದೆ ನೆರೆಯ ಬಾಳು ಸಾಗದು. ಈ ದೃಷ್ಟಿಯಿಂದ ಆ ಪದದ ಎರಡು ಅರ್ಥಗಳು ಅಷ್ಟೇನೂ ದೂರದವಲ್ಲ.