ಕೋಚ್ ಹಂಗಾಮಿ, ಸೋಲು ಮಾತ್ರ ಕಾಯಂ

ಅಂತರ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡ ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟಿದರೆ ‘ಹಟವಿಲ್ಲ’ ಎಂಬ ಬೈಗುಳ ತಿನ್ನುವುದು ಹುಡುಗರು, ಮತ್ತು ಅವರ ಜೊತೆ ಬಸ್ಸು ಹತ್ತಿದ ಹಂಗಾಮಿ ಕೋಚ್. ಆ ಕೋಚನ್ನು ಹಂಗಾಮಿಯಾಗಿಯೇ ಇಟ್ಟವರು ಯಾರು ಎಂದು ಕೇಳುವವರಿಲ್ಲ. ನೇರವಾಗಿ ಹೇಳಿಬಿಡುತ್ತೇನೆ: ವರ್ಷಕ್ಕೊಬ್ಬರ ಕೈಗೆ ತಂಡ ಒಪ್ಪಿಸುವ ಆಡಳಿತಕ್ಕೆ ಆ ತಂಡದ ಸೋಲಿನ ಬಗ್ಗೆ ಮಾತಾಡುವ ಹಕ್ಕಿಲ್ಲ.

ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿಯಾದರೆ ಕಾಲೇಜುಗಳಿಗೆ ಸುಲಭವಾಗಿ ಕಾಣುವ ದಾರಿ ಎರಡು. ಒಂದೋ ವಾಣಿಜ್ಯವನ್ನೋ ಇತಿಹಾಸವನ್ನೋ ಕಲಿಸುವವರಿಗೆ ಪ್ರಭಾರ ವಹಿಸುವುದು, ಇಲ್ಲವೇ ಸೆಮಿಸ್ಟರ್ ನಡುವೆ ಅತಿಥಿ ಕೋಚ್ ಒಬ್ಬರನ್ನು ಕರೆಸುವುದು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಟಗಾರರ ದಮ್ಮು, ಕಾಲಿನ ಬಲ ಕಟ್ಟಬೇಕಾದದ್ದು ಆ ತಿಂಗಳುಗಳಲ್ಲೇ. ಮಳೆ ಬಿಟ್ಟ ಮೇಲೆ ಟೂರ್ನಿ, ಅದರ ಬೆನ್ನಿಗೆ ಪರೀಕ್ಷೆ. ತಡವಾಗಿ ಬಂದವರಿಗೆ ಯಾರ ಎಡಗಾಲು ಚುರುಕು, ಯಾರ ಮಂಡಿಗೆ ಪೆಟ್ಟಾಗಿದೆ ಎಂದು ತಿಳಿಯುವ ಹೊತ್ತಿಗೆ ಪಂದ್ಯದ ದಿನ ಬಂದಿರುತ್ತದೆ. ಕಂಬಳದ ಹಿಂದಿನ ದಿನ ಕೋಣ ಹುಡುಕಲು ಹೊರಡುವ ಯಜಮಾನ ನಮ್ಮ ಉಡುಪಿ ಜಿಲ್ಲೆಯಲ್ಲಿ ಸಿಗಲಾರ. ಕಾಲೇಜು ತಂಡದ ವಿಷಯಕ್ಕೆ ಬಂದಾಗ ಆ ವಿವೇಕ ಎಲ್ಲಿ ಹೋಗುತ್ತದೋ!

ಹಂಗಾಮಿತನ ಮೈದಾನಕ್ಕಷ್ಟೇ ಅಂಟಿದ ರೋಗವಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬಲದ ಮೇಲೆ. ಅವರು ಬೀದಿಗಿಳಿದ ಮೇಲೆ 2022ರ ಜನವರಿಯಲ್ಲಿ ಸರ್ಕಾರ ವಾರಕ್ಕೆ 15 ಗಂಟೆ ಬೋಧನೆ, ತಿಂಗಳಿಗೆ 26 ಸಾವಿರದಿಂದ 32 ಸಾವಿರ ರೂಪಾಯಿವರೆಗೆ ಗೌರವಧನ ಎಂದು ನಿಗದಿ ಮಾಡಿತು. 2023ರ ಕೊನೆಗೆ ಮತ್ತೆ ತರಗತಿ ಬಹಿಷ್ಕಾರ, 2024ರ ಆರಂಭದಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ, ಮತ್ತಷ್ಟು ಗೌರವಧನ ಏರಿಕೆ. ಕಾಯಮಾತಿಯ ಬೇಡಿಕೆ ಮಾತ್ರ ಇದ್ದಲ್ಲೇ ಉಳಿಯಿತು. ಆ ಚರ್ಚೆಯೆಲ್ಲ ತರಗತಿಯ ಗಂಟೆಗಳ ಸುತ್ತ ನಡೆಯಿತು; ಸಂಜೆ ಮೈದಾನದಲ್ಲಿ ಕಳೆಯುವ ಗಂಟೆಗಳು ಯಾರ ಲೆಕ್ಕಕ್ಕೂ ಬರಲಿಲ್ಲ.

ಹೀಗೇಕೆ ಎಂದರೆ, ಆಟ ಕಲಿಸುವವರು ‘ನಿಜವಾದ’ ಮೇಷ್ಟ್ರಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯದ ಕ್ರೀಡಾಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲೇ ಈ ಭಾವನೆಯನ್ನು ತಳ್ಳಿಹಾಕಿದೆ. ನಾಲ್ಕು ಗೋಡೆಗಳ ನಡುವೆ ಪಾಠ ಮಾಡದಿದ್ದರೂ ಆಟದ ಕೌಶಲ ಕಲಿಸುವವರು ಶಿಕ್ಷಕರೇ ಎಂಬುದು ಆ ತೀರ್ಪಿನ ಸಾರ.

‘ಹಂಗಾಮಿಗಳನ್ನು ಕಾಯಂ ಮಾಡಲು ಉಮಾದೇವಿ ತೀರ್ಪು ಬಿಡುವುದಿಲ್ಲ’ ಎಂದು ಅಧಿಕಾರಿಗಳು ಕಾನೂನು ತೋರಿಸುತ್ತಾರೆ. ಸುಪ್ರೀಂ ಕೋರ್ಟಿನ 2006ರ ಆ ತೀರ್ಪು ಕರ್ನಾಟಕದ ಪ್ರಕರಣದಲ್ಲೇ ಬಂದದ್ದು. ಹಿಂಬಾಗಿಲ ನೇಮಕಕ್ಕೆ ಅದು ತಡೆ ಹಾಕಿತು, ಸರಿ. ಮುಂಬಾಗಿಲನ್ನೂ ಮುಚ್ಚಿಡಿ ಎಂದು ಅದು ಎಲ್ಲೂ ಹೇಳಿಲ್ಲ. ದುಡಿಸಿಕೊಂಡು ಕೈಬಿಡುವುದಕ್ಕೆ ಆ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಎಂದು 2024ರ ಡಿಸೆಂಬರ್‌ನಲ್ಲಿ, ಜಗ್ಗೋ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಎಚ್ಚರಿಸಿದೆ. ಹುದ್ದೆಗೆ ಅರ್ಜಿ ಕರೆಯದಿರುವುದು ಸರ್ಕಾರದ್ದೇ ಆಯ್ಕೆ. ಅದಕ್ಕೆ ಕೋರ್ಟಿನ ಹೆಸರು ಬೇಡ.

ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ನೋಡಲಿ. ಅಲ್ಲಿಯ ಫುಟ್‌ಬಾಲ್ ಅಂಡಾಕಾರದ ಚೆಂಡಿನದ್ದು, ಆಟವೇ ಬೇರೆ. 2025ರ ಅಕ್ಟೋಬರ್‌ನಲ್ಲಿ, ಋತುವಿನ ಮಧ್ಯದಲ್ಲೇ ಮುಖ್ಯ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಕೈಬಿಟ್ಟರು. ಗುತ್ತಿಗೆಯಂತೆ ಅವರಿಗೆ ಕೊಡಬೇಕಿದ್ದ ಹಣ ಸುಮಾರು 4.9 ಕೋಟಿ ಡಾಲರ್ ಎಂಬ ವರದಿ ಬಂತು. ಹಂಗಾಮಿಯಾಗಿ ಬಂದ ಟೆರಿ ಸ್ಮಿತ್ ಅದೇ ತಂಡದ ಹಳೆಯ ಆಟಗಾರ, ಸಹಾಯಕ ಕೋಚ್. ಮೊದಲ ಮೂರು ಪಂದ್ಯ ಸೋತರು, ನಂತರದ ಮೂರನ್ನೂ ಗೆದ್ದರು. ಇವರನ್ನೇ ಉಳಿಸಿ ಎಂದು ಆಟಗಾರರು ಫಲಕ ಹಿಡಿದರು. ವಿಶ್ವವಿದ್ಯಾಲಯ ಬೇರೊಬ್ಬರನ್ನು ಆರಿಸಿತು. ಆ ಆಯ್ಕೆ ಸರಿಯೋ ತಪ್ಪೋ, ಎರಡು ಮಾತು ಗಮನಿಸಬೇಕು. ಹುಡುಗರನ್ನು ಮೊದಲೇ ಬಲ್ಲವರಿಗೂ ತಂಡ ಕೈಗೆ ಹತ್ತಲು ವಾರಗಳು ಬೇಕಾದವು. ಜೊತೆಗೆ, ಕೋಚನ್ನು ತೆಗೆದ ಕ್ರೀಡಾ ವಿಭಾಗದ ಮುಖ್ಯಸ್ಥರು ಪತ್ರಕರ್ತರ ಮುಂದೆ ಕುಳಿತು ಕಾರಣ ಹೇಳಬೇಕಾಯಿತು. ನಮ್ಮಲ್ಲಿ ಕಾರಣ ಕೇಳುವ ಪದ್ಧತಿಯೂ ಇಲ್ಲ.

ಕೋಚ್ ನೆಲೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕುಸ್ತಿಯ ಆಸೆ ಇಟ್ಟುಕೊಂಡು ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಹೋದವರು. ಅವರ ಮೈಕಟ್ಟು ನೋಡಿ ಭಾರ ಎತ್ತಲು ಹಚ್ಚಿದ್ದು ಅಲ್ಲಿಯ ಕೋಚ್. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಬಂದದ್ದರ ಬೇರು ಆ ನೋಟದಲ್ಲಿದೆ. ಸೆಮಿಸ್ಟರ್ ಮುಗಿದರೆ ತಾನಿರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಇನ್ನೊಬ್ಬರ ಹತ್ತು ವರ್ಷದ ಮುಂದಿನದು ಕಾಣುವುದು ಹೇಗೆ?

‘ಫುಟ್‌ಬಾಲ್ ನಮ್ಮ ಆಟವಲ್ಲ, ಕಬಡ್ಡಿ, ವಾಲಿಬಾಲ್ ಸಾಕು’ ಎನ್ನುವವರೂ ಇದ್ದಾರೆ. ಕಬಡ್ಡಿ, ವಾಲಿಬಾಲನ್ನು ಊರಿನ ಯುವಕ ಮಂಡಲಗಳೇ ಕಲಿಸಿ ಕಳಿಸುತ್ತವೆ. ಮಣಿಪಾಲದ ಕ್ಯಾಂಪಸ್ಸಿಗೆ ಕೇರಳ, ಗೋವಾ, ಈಶಾನ್ಯ ರಾಜ್ಯಗಳಿಂದ ಬರುವವರಲ್ಲಿ ಫುಟ್‌ಬಾಲ್ ಆಡಿಯೇ ಬಂದವರಿರುತ್ತಾರೆ. ಕಾಪುವಿನ, ಕಾರ್ಕಳದ ಹುಡುಗನಿಗೆ ಕಾಲೇಜೇ ಮೊದಲ ಪಾಠಶಾಲೆ. ಕೋಚ್ ಇಲ್ಲದಿದ್ದರೆ ಅವನಿಗೆ ಆಟವೇ ಇಲ್ಲ. ಹುಡುಗಿಯರ ಪಾಡು ಇನ್ನೂ ಕಷ್ಟ. ಸಂಜೆ ಆರರವರೆಗೆ ಮಗಳನ್ನು ಮೈದಾನದಲ್ಲಿ ಬಿಡಲು ಅಪ್ಪ ಅಮ್ಮ ಒಪ್ಪಬೇಕಾದರೆ ಕೋಚ್ ಪರಿಚಿತರಾಗಿರಬೇಕು. ಆ ನಂಬಿಕೆ ಒಂದು ಸೆಮಿಸ್ಟರಿನಲ್ಲಿ ಹುಟ್ಟುವುದಿಲ್ಲ.

ಎಲ್ಲ ಹುದ್ದೆಯೂ ನಾಳೆಯೇ ತುಂಬಲಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯವರೆಗೆ ಕೋಚ್‌ಗಳನ್ನು ಪದವಿಯ ಅವಧಿಯಷ್ಟು, ಅಂದರೆ ಮೂರು ವರ್ಷಕ್ಕೆ, ಜೂನ್‌ನಲ್ಲೇ ನೇಮಿಸಲಿ. ಕಾಪುವಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಅರ್ಧ ಗಂಟೆಯ ದಾರಿ. ಎರಡು ಕಡೆಯ ಸರ್ಕಾರಿ ಕಾಲೇಜುಗಳು ಸೇರಿ ಒಬ್ಬರಿಗೆ ಪೂರ್ಣ ಸಂಬಳ ಕೊಡಬಹುದು. ವಿದ್ಯಾರ್ಥಿಗಳು ಕಟ್ಟುವ ಕ್ರೀಡಾ ಶುಲ್ಕ ಎಷ್ಟು, ಖರ್ಚಾದದ್ದು ಎಷ್ಟು, ಕೋಚ್ ಯಾರು, ಅಭ್ಯಾಸ ಎಷ್ಟು ಗಂಟೆ ಎಂಬುದನ್ನು ಪ್ರತಿ ಕಾಲೇಜೂ ಸೂಚನಾ ಫಲಕದಲ್ಲಿ ಹಾಕಲಿ. ಋತು ಮುಗಿದ ಮೇಲೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಒಪ್ಪಿಸಬೇಕಾದವರು ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಯವರು. ಒಂದು ವರ್ಷ ಹೀಗೆ ನಡೆಯಲಿ, ಆಗ ಗೊತ್ತಾಗುತ್ತದೆ ಹಟವಿಲ್ಲದಿರುವುದು ಯಾರಿಗೆ ಎಂದು.