ಎತ್ತರವೆಂಬುದು ಕೊನೆಯ ಪಾಠ

ಮಹಾಲಕ್ಷ್ಮಿ ಎಂದೊಡನೆ ಮುಂಬಯಿ ಕನ್ನಡಿಗರಿಗೆ ಮೊದಲು ನೆನಪಾಗುವುದು ಕಡಲ ತಡಿಯ ದೇಗುಲ. ಬಳಿಕ ಲೋಕಲ್ ನಿಲ್ದಾಣ, ಅದರ ಮಗ್ಗುಲಿನ ಧೋಬಿಘಾಟು. ರೇಸ್‌ಕೋರ್ಸ್ ನೆನಪಾದರೂ ಅದು ಜೂಜಿನ ಹೆಸರಿನೊಡನೆಯೇ ನೆನಪಾಗುತ್ತದೆ. ಮಧ್ಯಮವರ್ಗದ ನಮ್ಮ ಮನೆಗಳಲ್ಲಿ ಆ ಹೆಸರನ್ನು ತುಸು ದನಿ ತಗ್ಗಿಸಿಯೇ ಆಡುತ್ತಿದ್ದುದುಂಟು. ಆದರೆ ಅದೇ ಬಯಲಿನಲ್ಲಿ 1942ರಲ್ಲಿ ಹುಟ್ಟಿದ ಅಮೆಚೂರ್ ರೈಡರ್ಸ್ ಕ್ಲಬ್ ಎಂಬ ಸಂಸ್ಥೆಯೂ ಇದೆ. ಪಣವಿಲ್ಲದ ಸವಾರಿ ಅಲ್ಲಿಯದು. ಇಂದು ನಗರದ ಹೊರವಲಯದಲ್ಲೂ ಸವಾರಿ ಶಾಲೆಗಳಿವೆ. ಈಜು, ಚದುರಂಗ, ಭರತನಾಟ್ಯಗಳ ಜೊತೆಗೆ ಕುದುರೆ ಸವಾರಿಯನ್ನೂ ಕಲಿಯಹೊರಟ ಮಕ್ಕಳು ನಮ್ಮವರಲ್ಲೂ ಕಾಣತೊಡಗಿದ್ದಾರೆ. ಕಲಿಕೆ ತೊಡಗಿದ ಕೆಲವೇ ತಿಂಗಳಲ್ಲಿ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಜಿಗಿತದ ಸ್ಪರ್ಧೆಗೆ ಯಾವಾಗ?’

ಈ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕೆಂಬುದು ನಮ್ಮ ವಾದ. ಮಗು ಎಂದು ಸಿದ್ಧವಾಗುತ್ತದೆ ಎಂದು ಕೇಳುವವರು ಕುದುರೆ ಎಂದು ಸಿದ್ಧವಾಗುತ್ತದೆ ಎಂದು ಕೇಳುವುದಿಲ್ಲ. ಆರಂಭಿಕರ ಜಿಗಿತದ ಸ್ಪರ್ಧೆಯಲ್ಲಿ ಇಬ್ಬರು ಆಟಗಾರರಿದ್ದಾರೆ. ಒಬ್ಬರಿಗೆ ಮಾತು ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಮಾತು ಬಾರದವರ ಪರವಾಗಿ ಯಾರಾದರೂ ತಡೆದು ನಿಲ್ಲಿಸದಿದ್ದರೆ ಅವಸರಕ್ಕೆ ಬೆಲೆ ತೆರುವುದು ಅವರೇ.

ಸ್ಪರ್ಧೆಯ ಸ್ವರೂಪ ಮೇಲುನೋಟಕ್ಕೆ ಸರಳ. ಅಂಕಣದಲ್ಲಿ ಎಂಟು ಹತ್ತು ಅಡೆತಡೆಗಳು, ಅವುಗಳಿಗೆ ಕ್ರಮಸಂಖ್ಯೆ. ಪ್ರತಿಯೊಂದರ ಬಲಕ್ಕೆ ಕೆಂಪು ಬಾವುಟ, ಎಡಕ್ಕೆ ಬಿಳಿ. ಅಡ್ಡಗೋಲು ಬಿದ್ದರೆ 4 ದಂಡಾಂಕ. ಕುದುರೆ ಮೊದಲ ಬಾರಿ ನಿರಾಕರಿಸಿ ನಿಂತರೆ ಮತ್ತೆ 4. ಸವಾರ ಬಿದ್ದರೆ ಸ್ಪರ್ಧೆಯಿಂದಲೇ ಹೊರಕ್ಕೆ. ಜಾಗತಿಕ ಮಟ್ಟದಲ್ಲಿ ಅಡೆತಡೆಗಳ ಎತ್ತರ 160 ಸೆಂಟಿಮೀಟರ್ ಮುಟ್ಟುತ್ತದೆ. ಆರಂಭಿಕರಿಗೆ ಸಾಮಾನ್ಯವಾಗಿ 60ರಿಂದ 80. ಈ 60 ಎಂಬ ಅಂಕಿಯೇ ಹಿರಿಯರನ್ನು ಮೋಸಗೊಳಿಸುವುದು. ಊಟದ ಮೇಜಿಗಿಂತಲೂ ತಗ್ಗಾದ ಕೋಲನ್ನು ಅಷ್ಟು ದೊಡ್ಡ ಪ್ರಾಣಿ ದಾಟುವುದೇನು ಮಹಾ ಎನಿಸುತ್ತದೆ. ಕುದುರೆಗೆ ಅದು ಮಹಾ ಅಲ್ಲ, ನಿಜ. ಆದರೆ ಬೆನ್ನ ಮೇಲೆ ತೂಕ ಹೊತ್ತು, ಆ ತೂಕ ಅತ್ತಿತ್ತ ತೂಗಾಡುತ್ತಿರುವಾಗ, ಬಾಯಲ್ಲಿ ಕಬ್ಬಿಣ ಕಚ್ಚಿಕೊಂಡು, ಒಂದರ ಬೆನ್ನಿಗೊಂದು ಹತ್ತು ಬಾರಿ ಏರಿ ಇಳಿಯುವುದು ಮಹಾ ಸಂಗತಿಯೇ.

ನಮ್ಮ ಸವಾರಿ ಶಾಲೆಗಳ ಲಾಯಗಳಲ್ಲಿ ಪಂದ್ಯದಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಬಹಳ. ಅವುಗಳಲ್ಲಿ ಕೆಲವು ನಮ್ಮ ಊರಿನವೂ ಆಗಿರಬಹುದು. ಟಿಪ್ಪುವಿನ ಕಾಲದಿಂದ ಕುದುರೆಗಳ ನೆಲೆಯೆನಿಸಿದ ತುಮಕೂರು ಜಿಲ್ಲೆಯ ಕುಣಿಗಲ್ ಇಂದಿಗೂ ಆ ತಳಿಗೆ ಹೆಸರಾದುದು. ಇಂಥ ಕುದುರೆ ಎರಡು ಮೂರು ವರ್ಷದ ಎಳವೆಯಲ್ಲೇ ಓಡಲು ಕಲಿತದ್ದು. ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಇನ್ನೂ ವೇಗವಾಗಿ ಓಡಬೇಕೆಂಬುದು ಅದರ ಪಾಠ. ಸವಾರಿ ಶಾಲೆಯಲ್ಲಿ ಅದೇ ಬಿಗಿತಕ್ಕೆ ‘ನಿಧಾನಿಸು’ ಎಂಬ ಅರ್ಥ. ಪಂದ್ಯದ ಜಾಕಿ ಮೊಣಕಾಲು ಮಡಿಸಿ ಮೇಲೆ ಕುಳಿತಿರುತ್ತಾನೆ. ಪಕ್ಕೆಗೆ ಕಾಲು ತಾಗಿಸಿ ಮಾತಾಡಿಸುವ ಸವಾರ ಅದಕ್ಕೆ ಹೊಸಬ. ಒಂದು ಭಾಷೆಯನ್ನು ಮರೆತು ಇನ್ನೊಂದನ್ನು ಕಲಿಯುವ ಕಷ್ಟವನ್ನು ಪರಊರಿನಲ್ಲಿ ಬಾಳುವ ನಮಗೆ ಯಾರೂ ವಿವರಿಸಬೇಕಿಲ್ಲ. ಅದಕ್ಕೆ ಬೇಕಾದುದು ಮೊದಲು ವಿರಾಮ, ಆಮೇಲೆ ತಿಂಗಳುಗಟ್ಟಲೆ ಸಮತಟ್ಟು ನೆಲದ ಪಾಠ.

ಇದರ ಹಿಂದೆ ದೇಹದ ಕಾರಣವೂ ಇದೆ. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನಿಂದ ಕೆಳಕ್ಕೆ ಮಾಂಸಖಂಡವೆಂಬುದು ಇಲ್ಲವೆಂದೇ ಹೇಳಬೇಕು. ಇರುವುದು ಮೂಳೆ, ಸ್ನಾಯುರಜ್ಜು, ಚರ್ಮ. ಸುಮಾರು 500 ಕಿಲೋ ತೂಗುವ ಪ್ರಾಣಿ ಜಿಗಿದು ಇಳಿದಾಗ ಆ ಭಾರವೆಲ್ಲ ಮೊದಲು ಬೀಳುವುದು ಈ ತೆಳು ಕಾಲುಗಳ ಮೇಲೆ. ವ್ಯಾಯಾಮದಿಂದ ಮಾಂಸಖಂಡ ಕೆಲವು ವಾರಗಳಲ್ಲಿ ಹುರಿಗೊಳ್ಳುತ್ತದೆ. ಸ್ನಾಯುರಜ್ಜು ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ನೋಡುವವರ ಕಣ್ಣಿಗೆ ಕುದುರೆ ಮೈದುಂಬಿ ಮಿರುಗುತ್ತಿರುವಾಗಲೂ ಅದರ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಅಪಾಯವಿರುವುದು ಈ ನಡುಗಾಲದಲ್ಲಿ.

ಆದುದರಿಂದ ಬಲ್ಲ ತರಬೇತುದಾರರು ಎತ್ತರದಿಂದ ಆರಂಭಿಸುವುದಿಲ್ಲ, ನೆಲದಿಂದ ಆರಂಭಿಸುತ್ತಾರೆ. ಮೊದಲು ನೆಲದ ಮೇಲೆ ಮಲಗಿಸಿದ ಕೋಲುಗಳು, ಒಂದಕ್ಕೊಂದು ಸುಮಾರು ನಾಲ್ಕೂವರೆ ಅಡಿ ದೂರದಲ್ಲಿ. ಅವುಗಳ ಮೇಲೆ ಟ್ರಾಟ್ ನಡೆಯಲ್ಲಿ ಹಾಯುವಾಗ ಕುದುರೆ ತನ್ನ ಹೆಜ್ಜೆಯನ್ನು ತಾನೇ ನೋಡಿ ಇಡಲು ಕಲಿಯುತ್ತದೆ. ಬಳಿಕ ಗೇಣೆತ್ತರಕ್ಕೆ ಏರಿಸಿದ ಕ್ಯಾವಲೆಟಿ. ಆಮೇಲೆ ಎರಡು ಕೋಲುಗಳನ್ನು ಗುಣಾಕಾರದ ಗುರುತಿನಂತೆ ಹಾಯಿಸಿದ ತಗ್ಗು ಅಡೆತಡೆ. ನಡುವೆ ತಗ್ಗಿರುವುದರಿಂದ ಕುದುರೆ ತಾನಾಗಿ ನಡುವಿಗೇ ಬರುತ್ತದೆ. ಕ್ಯಾಂಟರ್ ಓಟದಲ್ಲಿ ಕುದುರೆಯ ಒಂದು ದಾಪು ಸುಮಾರು 12 ಅಡಿ. ಎರಡು ಅಡೆತಡೆಗಳ ನಡುವೆ 24 ಅಡಿ ಇದ್ದರೆ ಒಂದು ದಾಪು, 36 ಇದ್ದರೆ ಎರಡು. ಇಳಿಯಲು 6 ಅಡಿ, ಏಳಲು 6 ಅಡಿ ಬಿಟ್ಟ ಲೆಕ್ಕವಿದು. ಛಂದಸ್ಸಿನ ಗಣಗಳಿಗೆ ಕಿವಿ ಪಳಗಿದವರಿಗೆ ಈ ಲೆಕ್ಕ ಹೊಸತಲ್ಲ: ಮಾತ್ರೆ ತಪ್ಪಿದರೆ ಸಾಲು ಎಡವುತ್ತದೆ. ಲಯ ಕೂಡಿದ ಕುದುರೆಗೆ ಎತ್ತರವೊಂದು ಸಮಸ್ಯೆಯೇ ಅಲ್ಲ. ಲಯ ಕೂಡದ ಕುದುರೆಗೆ 60 ಸೆಂಟಿಮೀಟರ್ ಕೂಡ ಗೋಡೆ.

ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿದೆ. ಸುತ್ತಲ ಲೋಕ ಅದಕ್ಕೆ ವಿಶಾಲವಾಗಿ ಕಾಣುತ್ತದೆ, ಆದರೆ ಮೂಗಿನ ನೇರ ಮುಂದಿರುವುದು ಕಾಣದು. ಅಡೆತಡೆಯ ತೀರ ಬಳಿಗೆ ಬಂದು ನೆಲ ಬಿಡುವ ಗಳಿಗೆಯಲ್ಲಿ ತಾನು ದಾಟುವುದನ್ನು ಅದು ನೋಡುತ್ತಿರುವುದಿಲ್ಲ. ಕೆಲವು ಹೆಜ್ಜೆ ಹಿಂದೆ ಕಂಡದ್ದನ್ನು ನಂಬಿ, ಬೆನ್ನ ಮೇಲಿರುವವರನ್ನು ನಂಬಿ ಜಿಗಿಯುತ್ತದೆ. ಕೊನೆಯ ಗಳಿಗೆಯಲ್ಲಿ ಹೆದರಿ ಲಗಾಮು ಜಗ್ಗುವ ಸವಾರ ಆ ನಂಬಿಕೆಯನ್ನು ಮುರಿಯುತ್ತಾನೆ. ಮುಂದಿನ ಬಾರಿ ಕುದುರೆ ನಿಂತುಬಿಟ್ಟರೆ ನಾವು ಅದನ್ನು ‘ಮೊಂಡು’ ಎನ್ನುತ್ತೇವೆ. ಈ ಪದವನ್ನು ಅಂಕಣದಿಂದ ಹೊರಗಿಡುವುದು ಲೇಸು. ನಿಂತ ಕುದುರೆಗೆ ಬೆನ್ನು ನೋಯುತ್ತಿರಬಹುದು, ಜೀನು ಹೊಂದದಿರಬಹುದು, ಹಲ್ಲು ಚೂಪಾಗಿ ಕಡಿವಾಣ ಒತ್ತುತ್ತಿರಬಹುದು, ಗೊರಸು ನೊಂದಿರಬಹುದು. ಚಾಟಿ ಎತ್ತುವ ಮುನ್ನ ಈ ನಾಲ್ಕನ್ನೂ ನೋಡಿದವರೇ ನಿಜವಾದ ಶಿಕ್ಷಕರು.

ಸವಾರನ ಸಿದ್ಧತೆಗೂ ಇದೇ ಕ್ರಮ ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಯುರೋಪಿನ ಸವಾರರು ಜಿಗಿಯುವಾಗ ಹಿಂದಕ್ಕೆ ವಾಲಿ ಲಗಾಮು ಹಿಡಿದೆಳೆಯುತ್ತಿದ್ದರು. ಫೆಡೆರಿಕೊ ಕಾಪ್ರಿಲಿ ಎಂಬ ಇಟಲಿಯ ಅಶ್ವದಳದ ಅಧಿಕಾರಿ ಅದನ್ನು ತಿರುವಿಹಾಕಿ, ಸವಾರನೇ ಮುಂದೆ ಬಾಗಿ ಕುದುರೆಯ ಬೆನ್ನನ್ನೂ ಬಾಯನ್ನೂ ಬಿಡುಗಡೆಗೊಳಿಸಬೇಕೆಂದು ಕಲಿಸಿದ. 1907ರಲ್ಲಿ ತೀರಿಕೊಂಡ ಆತನ ಪಾಠವೇ ಇಂದಿನ ಜಿಗಿತದ ತಳಹದಿ. ಅದರ ಸಾರ ಇಷ್ಟು: ಕುದುರೆಯ ಕೆಲಸವನ್ನು ಕುದುರೆಗೆ ಬಿಡು, ನೀನು ಅಡ್ಡಿಯಾಗಬೇಡ. ಅಡ್ಡಿಯಾಗದಿರಲು ಬಲ ಬೇಕು. ತೊಡೆ, ಸೊಂಟಗಳಲ್ಲಿ ಕಸುವು, ಲಗಾಮಿಗೆ ಜೋತುಬೀಳದ ಕೈ, ರಿಕಾಪಿನಲ್ಲಿ ಊರಿದ ಹಿಮ್ಮಡಿ. ರಿಕಾಪು ತೆಗೆದು ಅಭ್ಯಾಸ ಮಾಡದ ಮಗು, ಮೂರೂ ನಡೆಗಳಲ್ಲಿ ಕುದುರೆಯನ್ನು ತಿರುಗಿಸಿ ನಿಲ್ಲಿಸಲಾರದ ಮಗು, ಜಿಗಿತದ ಅಂಕಣಕ್ಕೆ ಇಳಿಯಬಾರದು. ಸ್ಪರ್ಧೆಗೆ ಮುನ್ನ ಸವಾರರು ಕಾಲ್ನಡಿಗೆಯಲ್ಲಿ ಅಂಕಣವನ್ನು ಅಳೆಯುತ್ತಾರೆ; ಮೂರಡಿಯ ನಾಲ್ಕು ಹೆಜ್ಜೆಗೆ ಕುದುರೆಯ ಒಂದು ದಾಪು. ಆ ನಡಿಗೆಯಲ್ಲಿ ಮಗು ತಾನೇ ಎಣಿಸಬೇಕು, ತಾನೇ ತಿರುವುಗಳನ್ನು ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಕಟಕಟೆಯಾಚೆ ನಿಂತು ಕೂಗಿ ಹೇಳುವ ತಂದೆತಾಯಿ ಆ ಕಲಿಕೆಯನ್ನು ಕಸಿದುಕೊಳ್ಳುತ್ತಾರೆ.

ಮುಂಬಯಿಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿಯ ಸೆಕೆಯಲ್ಲಿ ಕುದುರೆಯ ಬೆವರು ಬೇಗ ಆರದು. ಬೆವರಿನೊಡನೆ ಉಪ್ಪಿನಂಶವೂ ಹೋಗುತ್ತದೆ. ಮುಂಜಾವಿನ ಅಭ್ಯಾಸ, ಆ ಬಳಿಕ ತಣ್ಣೀರು, ನೆರಳು, ಉಪ್ಪು ಇವೆಲ್ಲ ತರಬೇತಿಯ ಭಾಗವೇ. ಮಳೆಗಾಲದ ನಾಲ್ಕು ತಿಂಗಳು ಒದ್ದೆ ನೆಲದಲ್ಲಿ ನಿಂತ ಗೊರಸು ಕೊಳೆಯುವ ಭಯ. ಈ ಕೆಲಸಗಳನ್ನು ದಿನವೂ ಮಾಡುವವನು ಸೈಸ್. ಕುದುರೆ ರಾತ್ರಿ ಹುಲ್ಲು ಬಿಟ್ಟಿತೇ, ಕಾಲಿನಲ್ಲಿ ಬಿಸಿ ಇದೆಯೇ ಎಂಬುದು ಮೊದಲು ತಿಳಿಯುವುದು ಅವನಿಗೆ. ಸ್ಪರ್ಧೆಯ ದಿನ ‘ಇಂದು ಬೇಡ’ ಎಂದು ಹೇಳಬಲ್ಲವನೂ ಅವನೇ. ಹಾಗೆ ಹೇಳುವ ಅಧಿಕಾರ ಮಾತ್ರ ಅವನಿಗಿಲ್ಲ. ಮಕ್ಕಳನ್ನು ಜೀನು ಬಿಗಿದು ನಿಲ್ಲಿಸಿದ ಕುದುರೆಯ ಮೇಲೆ ಹತ್ತಿಸಿ ಇಳಿಸುವ ಬದಲು, ವಾರಕ್ಕೊಂದು ದಿನ ಅವನ ಕೈಕೆಳಗೆ ಲಾಯದಲ್ಲಿ ದುಡಿಸಿದರೆ ಅವರು ಕಲಿಯುವುದು ಹೆಚ್ಚು.

ಇದಕ್ಕೆ ಎದುರು ಮಾತು ಇಲ್ಲದಿಲ್ಲ. ಸ್ಪರ್ಧೆಯೇ ಶಿಕ್ಷಕ, ಗುರಿಯಿಲ್ಲದ ಅಭ್ಯಾಸ ಬೇಸರ ತರುತ್ತದೆ ಎನ್ನುತ್ತಾರೆ. ಸವಾರಿ ದುಬಾರಿ, ವರ್ಷಗಟ್ಟಲೆ ಹಣ ತೆತ್ತ ಮನೆಯವರು ಫಲ ಕೇಳುವುದರಲ್ಲಿ ತಪ್ಪೇನು ಎಂಬುದೂ ಒಂದು ನ್ಯಾಯ. ಸ್ಪರ್ಧೆ ಬೇಡವೆಂದು ನಾವು ಹೇಳುತ್ತಿಲ್ಲ. ಬೇರೆ ಕುದುರೆಗಳ ನಡುವೆ, ಗಂಟೆಯ ಸದ್ದಿನ ನಡುವೆ ಮನಸ್ಸು ನೆಟ್ಟಗಿಡುವುದನ್ನು ಸ್ಪರ್ಧೆಯಷ್ಟು ಚೆನ್ನಾಗಿ ಬೇರೇನೂ ಕಲಿಸದು. ನಮ್ಮ ತಕರಾರು ಸ್ಪರ್ಧೆ ಅಳೆಯುವ ವಸ್ತುವಿನ ಬಗ್ಗೆ. ಗಡಿಯಾರದ ವಿರುದ್ಧ ಓಡಿಸಿದರೆ ಆರಂಭಿಕರು ಕಲಿಯುವುದು ತಿರುವುಗಳನ್ನು ಕೊಯ್ದು ನುಗ್ಗುವುದನ್ನು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಗೆ ಅಲ್ಲಿ ಬಹುಮಾನ ಸಿಕ್ಕಂತೆ. ಬೇಸರದ ಮಾತಿಗಂತೂ ಉತ್ತರ ಮುಂಬಯಿಯಲ್ಲೇ ಇದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಸವಾರಿಯಲ್ಲಿ 41 ವರ್ಷಗಳ ಬಳಿಕ ಚಿನ್ನ ತಂದ ನಾಲ್ವರಲ್ಲಿ ಈ ನಗರದ ಹೃದಯ್ ಛೇಡಾ ಒಬ್ಬರು. ಆ ಚಿನ್ನ ಬಂದದ್ದು ಡ್ರೆಸಾಜ್‌ನಲ್ಲಿ; ಅಲ್ಲಿ ಜಿಗಿತವೇ ಇಲ್ಲ, ಇರುವುದೆಲ್ಲ ಸಮತಟ್ಟು ನೆಲದ ನಡೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದದ್ದು ಈವೆಂಟಿಂಗ್‌ನಲ್ಲಿ. ಅದರಲ್ಲೂ ಮೊದಲ ಪರೀಕ್ಷೆ ಡ್ರೆಸಾಜ್. ಅಂಕಣದ ಜಿಗಿತ ಬರುವುದು ಎಲ್ಲಕ್ಕೂ ಕೊನೆಗೆ.

ಆದ್ದರಿಂದ ಆರಂಭಿಕರ ಸ್ಪರ್ಧೆ ನಡೆಸುವವರಲ್ಲಿ ನಮ್ಮ ಕೋರಿಕೆಗಳು ನಾಲ್ಕು. 80 ಸೆಂಟಿಮೀಟರ್‌ವರೆಗಿನ ವಿಭಾಗಗಳಲ್ಲಿ ವೇಗಕ್ಕೆ ಬಹುಮಾನ ಬೇಡ. ತಪ್ಪಿಲ್ಲದೆ, ಸಮಲಯದಲ್ಲಿ ಸುತ್ತು ಮುಗಿಸಿದ ಎಲ್ಲರಿಗೂ ಒಂದೇ ಮನ್ನಣೆ ಇರಲಿ. ಒಂದು ಕುದುರೆ ದಿನಕ್ಕೆ ಎಷ್ಟು ಸುತ್ತು ಹೋಗಬೇಕೆಂಬುದಕ್ಕೆ ಮಿತಿ ಇರಲಿ. ಬಾಡಿಗೆಯ ಕುದುರೆ ನಾಲ್ವರು ಮಕ್ಕಳನ್ನು ಹೊತ್ತರೆ ನಾಲ್ಕು ಪಟ್ಟು ಜಿಗಿಯುತ್ತದೆ ಎಂಬುದು ಮರೆಯಬಾರದ ಲೆಕ್ಕ. ಜಿಗಿತಕ್ಕೆ ಹೆಸರು ಕೊಡುವ ಮುನ್ನ ಮಗು ಸಮತಟ್ಟು ನೆಲದ ಸಣ್ಣ ಪರೀಕ್ಷೆಯೊಂದನ್ನು ದಾಟಲಿ. ಬೆಳಗಿನ ತಪಾಸಣೆಯಲ್ಲಿ ಪಶುವೈದ್ಯರ ಪಕ್ಕದಲ್ಲಿ ಸೈಸ್‌ನ ಮಾತಿಗೂ ಬೆಲೆ ಬರಲಿ, ಬಹುಮಾನದ ವೇಳೆ ಅವನ ಹೆಸರನ್ನೂ ಕರೆಯಲಿ.

ಇದು ಕೇವಲ ಆಟದ ಒಳಗಿನ ಮಾತಲ್ಲ. 2015ರಲ್ಲಿ ಬಾಂಬೆ ಹೈಕೋರ್ಟ್ ಈ ನಗರದ ವಿಕ್ಟೋರಿಯಾ ಗಾಡಿಗಳನ್ನು ಕಾನೂನುಬಾಹಿರವೆಂದಿತು. ಮೋಜಿಗಾಗಿ ಕುದುರೆಯನ್ನು ದುಡಿಸುವುದು ಸರಿಯೇ ಎಂಬ ಪ್ರಶ್ನೆ ಅಂದೇ ಬೀದಿಗೆ ಬಂದಿದೆ. ಮಹಾಲಕ್ಷ್ಮಿಯ ಸುಮಾರು 211 ಎಕರೆಗಳಲ್ಲಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕಾಗಿ ಪಾಲಿಕೆಗೆ, ಉಳಿದ 91 ಟರ್ಫ್ ಕ್ಲಬ್ಬಿಗೆ ಎಂಬ ಏರ್ಪಾಡು 2024ರಲ್ಲಿ ಆಗಿದೆ. ನಿಲ್ಲಲು ಜಾಗವಿಲ್ಲದ ಊರಿನಲ್ಲಿ ಕುದುರೆಗೆ ಜಾಗವೇಕೆ ಎಂದು ಕೇಳುವವರು ನಾಳೆಯೂ ಇರುತ್ತಾರೆ. ಅವರಿಗೆ ಸವಾರರು ಕೊಡಬಹುದಾದ ಉತ್ತರ ಕಪ್ಪುಗಳ ಸಾಲಲ್ಲ, ಲಾಯದಲ್ಲಿ ನೋವಿಲ್ಲದೆ ನಿಂತ ಕುದುರೆ.

ಈ ವಿವೇಕ ನಮಗೆ ಹೊರಗಿನಿಂದ ಬರಬೇಕಾದುದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅರಸರ ವಿನೋದಗಳಲ್ಲಿ ಕುದುರೆ ಸವಾರಿಯನ್ನೂ ಸೇರಿಸಿತು. ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯವನ್ನು ಬರೆದ. ಒಬ್ಬರು ವಿನೋದವನ್ನು ಬರೆದರು, ಮತ್ತೊಬ್ಬರು ಆರೈಕೆಯನ್ನು. ಇವೆರಡನ್ನೂ ಜೊತೆಗಿಟ್ಟು ಓದುವ ಮನೆಗಳಿಂದ ಬಂದ ಮಕ್ಕಳು ಅಂಕಣಕ್ಕೆ ಇಳಿಯಲಿ. ‘ಯಾವಾಗ?’ ಎಂಬ ಪ್ರಶ್ನೆಗೆ ದಿನಾಂಕವನ್ನು ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕದೆ ಕುದುರೆಯ ಕಾಲನ್ನು ತಡವಿ ನೋಡಿ ತಿಳಿಯಲಿ.