ಡಾಕ್ಟರು ಫೋನಿನಾಚೆ ಇದ್ರೂ ಡಾಕ್ಟರೇ

ಅಕ್ಕ-ತಂಗ್ಯಾರೆ, ಈ ಸಲ ಅಡಿಗೆ ವಿಷಯ ಇಲ್ಲ, ಜಗಳದ ವಿಷಯ.

ನನ್ನ ತವರು ಹರಿಹರ, ಗಂಡನ ಮನೆ ದಾವಣಗೆರೆ. ಎರಡೂ ಕಡೆ ಒಂದೇ ಮಾತು ಕೇಳಿ ಕೇಳಿ ಸಾಕಾಗೈತೆ. "ತಾಲ್ಲೂಕು ಆಸ್ಪತ್ರೆಯಾಗೆ ಹಾರ್ಟ್ ಡಾಕ್ಟರೇ ಇರಲ್ಲ. ಇಸಿಜಿ ತೆಗೆದು ಎಲ್ಲಿಗೋ ಕಳಿಸಿ, ಅವರು ಹೇಳಿದ್ಮೇಲೆ ಔಷಧಿ ಕೊಡ್ತಾರಂತೆ. ಎದೆನೋವು ಬಂದ್ರೆ ಸೀದಾ ದಾವಣಗೆರೆಗೆ ಬರ್ರಿ" ಅಂತಾರೆ. ಹೇಳೋರಿಗೆ ಇದು ಜಾಣತನ. ನನಗೆ ಮಾತ್ರ ಜೀವಕ್ಕೆ ಕುತ್ತು ತರೋ ಮಾತು ಅನಿಸುತ್ತೆ.

ಹರಿಹರದಿಂದ ದಾವಣಗೆರೆ 14 ಕಿಲೋಮೀಟರು ಅಷ್ಟೇ, ನಿಜ. ಆದ್ರೆ ನಮ್ಮ ಮನೆಗಳೊಳಗೆ ಹೊತ್ತು ಹೋಗೋದು ರಸ್ತೆ ಮೇಲಲ್ಲ, ಹೊಸ್ತಿಲ ಒಳಗೆ. ಮೊದಲು "ಗ್ಯಾಸ್ ಇರಬೇಕು" ಅಂತ ಜೀರಿಗೆ ನೀರು. ಆಮೇಲೆ ದೊಡ್ಡ ಮಗನಿಗೆ ಫೋನು. ಕಾರು ಯಾರದು, ದುಡ್ಡೆಷ್ಟು ತಗೊಳ್ಳೋದು, ಯಾವ ಆಸ್ಪತ್ರೆಯಾಗೆ ಪರಿಚಯದೋರು ಇದಾರೆ, ಸೀರೆ ಬದಲಾಯಿಸಬೇಕಾ. ಅಲ್ಲಿಗೆ ಒಂದು ತಾಸು ಹೋಯ್ತು, ಇನ್ನೂ ಗಾಡಿ ಹತ್ತಿಲ್ಲ!

ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯಕ್ಕೆ ರಕ್ತ ಕೊಡೋ ನಾಳದಾಗೆ ರಕ್ತ ಹೆಪ್ಪುಗಟ್ಟಿ ಅಡ್ಡ ಕೂರೋದು. ಒಲೆ ಮೇಲಿನ ಹಾಲು ನಮಗೋಸ್ಕರ ಕಾಯುತ್ತಾ? ಹೃದಯದ ಮಾಂಸಖಂಡಾನೂ ಕಾಯಲ್ಲ, ನಿಮಿಷ ನಿಮಿಷಕ್ಕೂ ಸಾಯ್ತಾ ಹೋಗುತ್ತೆ. ಆ ಹೆಪ್ಪು ಕರಗಿಸೋ ಇಂಜೆಕ್ಷನ್ ಐತೆ, ಟೆನೆಕ್ಟೆಪ್ಲೇಸ್ ಅಂತ ಹೆಸರು. ಮೊದಲ ಒಂದೆರಡು ತಾಸಿನೊಳಗೆ ಕೊಟ್ರೆ ಹೆಚ್ಚು ಗುಣ. ಎಲ್ಲರಿಗೂ ಕೊಡಾಕೆ ಬರಲ್ಲ. ಮಿದುಳಿನಾಗೆ ರಕ್ತಸ್ರಾವ ಆದೋರಿಗೆ, ಹೊಸದಾಗಿ ಆಪರೇಷನ್ ಆದೋರಿಗೆ ಕೊಟ್ರೆ ಅಪಾಯ. ಅದಕ್ಕೇ ಇಸಿಜಿ ಓದಿ ಹೌದು-ಅಲ್ಲ ಹೇಳೋ ತಜ್ಞರು ಬೇಕು. ಹೃದಯದ ತಜ್ಞರು ಪ್ರತಿ ತಾಲ್ಲೂಕಿನಾಗೆ ರಾತ್ರಿ ಎರಡು ಗಂಟೆಗೂ ಕೂತಿರ್ತಾರಾ? ಇರಲ್ಲ. ಇಸಿಜಿ ಮಾತ್ರ ಫೋನಿನಾಗೆ ಕ್ಷಣದೊಳಗೆ ಅವರ ಕೈ ಸೇರುತ್ತೆ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ಕ್ಕೆ ಹೋದಾಗ ನಾವೆಲ್ಲ ಟಿವಿ ಮುಂದೆ ಅತ್ತಿದ್ವಿ. 46 ವರ್ಷ ಅಷ್ಟೇ. ಅವರ ಹೆಸರಲ್ಲೇ ಸರ್ಕಾರ 2023ರಾಗೆ ಹೃದಯ ಜ್ಯೋತಿ ಯೋಜನೆ ತಂತು. ಯೋಜನೆಗೆ ಸೇರಿದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಾಗೆ ಇಸಿಜಿ ತೆಗೀತಾರೆ. ಜಯದೇವದಂಥ ದೊಡ್ಡಾಸ್ಪತ್ರೆಯ ತಜ್ಞರು ಅದನ್ನ ದೂರದಿಂದ್ಲೇ ನೋಡಿ ಹೇಳ್ತಾರೆ. ಬೇಕು ಅಂದ್ರೆ ಆ ಇಂಜೆಕ್ಷನ್ ಅಲ್ಲೇ, ಪುಕ್ಕಟೆ. ಹೊರಗೆ ತಗೊಂಡ್ರೆ ಮೂವತ್ತು ಸಾವಿರದ ಆಸುಪಾಸು ಆಗೋ ಔಷಧಿ ಅದು. ಇಂಜೆಕ್ಷನ್ ಆದ್ಮೇಲೆ ಆಂಜಿಯೋಗ್ರಾಮಿಗೆ ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ಆದ್ರೆ ಆಗ ಔಷಧಿ ಮೈಯೊಳಗೆ ಸೇರಿಕೊಂಡು ಪ್ರಯಾಣ ಆಗಿರುತ್ತೆ.

ಇದು ನಿನ್ನೆ ಮೊನ್ನೆಯ ಹುಚ್ಚೂ ಅಲ್ಲ. 2002ರಷ್ಟು ಹಿಂದೆಯೇ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಇಸ್ರೋ ಉಪಗ್ರಹದ ಮೂಲಕ ಜೋಡಿಸಿದ್ರು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಾಗೆ ಬಂದ ಇಸಿಜಿಗೆ ಸಲಹೆ ಕೊಡೋ ವ್ಯವಸ್ಥೆ ಕಟ್ಟಿದಾರೆ. ನಾವು ವಾಟ್ಸಾಪಿನಾಗೆ ಗುಡ್ ಮಾರ್ನಿಂಗ್ ಹೂವು ಕಳಿಸ್ತೀವಿ, ಅವರು ಅದರಾಗೇ ಜೀವ ಉಳಿಸ್ತಾರೆ.

ಆದ್ರೆ ಒಂದು ಗೆರೆ ಎಳೀಬೇಕು. ಆಸ್ಪತ್ರೆ ಒಳಗಿಂದ ಡಾಕ್ಟರು ಇನ್ನೊಬ್ಬ ಡಾಕ್ಟರನ್ನ ಕೇಳೋದು ಬೇರೆ. ನಾವು ಸೋಫಾ ಮೇಲೆ ಕೂತು ಅಮೆರಿಕದಾಗಿರೋ ಡಾಕ್ಟರ್ ಅಳಿಯನಿಗೆ ವಿಡಿಯೋ ಕಾಲ್ ಮಾಡೋದು ಬೇರೆ. ಅಳಿಯ ಅಲ್ಲಿಂದ ಇಸಿಜಿ ತೆಗೀತಾನಾ, ಸೂಜಿ ಚುಚ್ತಾನಾ? ಕೇಂದ್ರ ಸರ್ಕಾರ 2020ರ ಮಾರ್ಚಿನಾಗೆ ತಂದ ಟೆಲಿಮೆಡಿಸಿನ್ ನಿಯಮಗಳೂ ತುರ್ತು ಇದ್ರೆ ಮುಖಾಮುಖಿ ಚಿಕಿತ್ಸೆಗೆ ಬೇಗ ಕಳಿಸ್ರಿ ಅಂತಾನೇ ಹೇಳ್ತಾವೆ. ಮನೆಯಿಂದ ಮಾಡೋ ಮೊದಲ ಫೋನು 108ಕ್ಕೆ. ಅಳಿಯನಿಗೆ ಆಂಬುಲೆನ್ಸಿನಾಗೆ ಕೂತು ಮಾಡ್ರಿ.

ಹೆಣ್ಮಕ್ಕಳ ಕತೆ ಇನ್ನೂ ಕಷ್ಟ. ನಮಗೆ, ಅದರಾಗೂ ಸಕ್ಕರೆ ಕಾಯಿಲೆ ಇರೋರಿಗೆ, ಸಿನಿಮಾದಾಗೆ ತೋರಿಸಿದಂಗೆ ಎದೆ ಹಿಡ್ಕೊಂಡು ಬೀಳೋ ನೋವೇ ಬರಬೇಕಂತಿಲ್ಲ. ಉಸಿರು ಕಟ್ಟೋದು, ತಣ್ಣನೆ ಬೆವರು, ದವಡೆ ಬೆನ್ನು ಭುಜದ ನೋವು, ವಾಂತಿ, ಹಿಂದೆಂದೂ ಇಲ್ಲದ ಸುಸ್ತು, ಇವೂ ಹಾರ್ಟಿನವೇ ಇರಬಹುದು. ಗಂಡಸರಿಗೆ ಎದೆ ಚುರುಕ್ ಅಂದ್ರೆ ಮನೆಮಂದಿಯೆಲ್ಲ ಓಡ್ತಾರೆ. ನಾವು ರೊಟ್ಟಿ ಮುಗಿಸಿ, ಪಾತ್ರೆ ತೊಳೆದು, "ಬೆಳಿಗ್ಗೆ ನೋಡಾನ" ಅಂತೀವಿ. ಅಂಥೋರಿಗೆ ಹತ್ತಿರದಾಗೇ ಸಿಗೋ ಇಸಿಜಿ ಅಂದ್ರೆ ಎಷ್ಟು ದೊಡ್ಡದು, ಯೋಚನೆ ಮಾಡ್ರಿ. "ದಾವಣಗೆರೆಗೆ ಹೋಗಬೇಕು" ಅಂದ್ರೆ ಸುಮ್ಮನಾಗೋಳು, "ಇಲ್ಲೇ ಹೋಗಿ ಬರಾನ" ಅಂದ್ರೆ ಎದ್ದೇಳ್ತಾಳೆ.

ದಾವಣಗೆರೆ ಊರೊಳಗೇ ಇರೋರು ಹತ್ತಿರದ ದೊಡ್ಡಾಸ್ಪತ್ರೆಗೇ ಹೋಗ್ರಿ, ಯಾರು ಬೇಡ ಅಂದೋರು? ನನ್ನ ಜಗಳ ಇರೋದು ಮಲೇಬೆನ್ನೂರು ಕಡೆಯಿಂದ ಬರೋರು ದಾರಿಯಾಗೇ ಸಿಗೋ ಹರಿಹರ ದಾಟಿ ಹೋಗಬೇಕು ಅನ್ನೋ ಮಾತಿನ ಮೇಲೆ.

ಸರ್ಕಾರದೋರಿಗೂ ಒಂದು ಮಾತು. ಫೋನಿನಾಚೆ ತಜ್ಞರು ಇದಾರೆ ಅಂತ ಇಲ್ಲಿ ಕುರ್ಚಿ ಖಾಲಿ ಬಿಡಬ್ಯಾಡ್ರಿ. ದೂರದ ಡಾಕ್ಟರಿಗೆ ಇಲ್ಲಿ ಕೈ ಬೇಕು. ರಾತ್ರಿ ಪಾಳಿಗೆ ನರ್ಸು, ಡ್ಯೂಟಿ ಡಾಕ್ಟರು, ಕರೆಂಟ್ ಹೋದ್ರೂ ನಡೆಯೋ ಯಂತ್ರ, ಫ್ರಿಜ್ಜಿನಾಗಲಿ ಕಪಾಟಿನಾಗಲಿ ಔಷಧಿ. ಇವಿಲ್ಲದಿದ್ರೆ ಪರದೆ ಬರೀ ಗೋಡೆ ಮೇಲಿನ ಕ್ಯಾಲೆಂಡರ್ ಇದ್ದಂಗೆ.

ಅದಕ್ಕೇ ನಮ್ಮ ಸ್ವಸಹಾಯ ಸಂಘದೋರು, ಭಜನಾ ಮಂಡಳಿಯೋರು ಒಂದು ಕೆಲಸ ಮಾಡ್ರಿ. ಆರಾಮಾಗಿರೋ ದಿನ ನಾಲ್ಕು ಜನ ಸೇರಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳ್ರಿ: ರಾತ್ರಿ ಇಸಿಜಿ ತೆಗೆಯೋರು ಯಾರು? ಅದನ್ನ ಓದೋರು ಎಲ್ಲಿದಾರೆ? ಹೆಪ್ಪು ಕರಗಿಸೋ ಇಂಜೆಕ್ಷನ್ ಈಗ ಐತಾ? ಮುಂದೆ ಕಳಿಸಾಕೆ ಆಂಬುಲೆನ್ಸ್ ಯಾವುದು? ಉತ್ತರ ಚೀಟಿಯಾಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸ್ರಿ. "ಇಲ್ಲ" ಅಂದ್ರೆ ಬರಬ್ಯಾಡ್ರಿ, ಯಾವಾಗ ಬರುತ್ತೆ ಅಂತ ಕೇಳ್ಕೊಂಡೇ ಬರ್ರಿ. ತರಕಾರಿ ಅಂಗಡಿಯಾಗೆ ಎರಡು ರೂಪಾಯಿಗೆ ಚೌಕಾಸಿ ಮಾಡೋ ಬಾಯಿ ಐತೆ ನಮಗೆ. ಅಲ್ಲೂ ತೆಗೀರಿ.